ದೇವಸ್ಥಾನದೊಳಗಿನ ಗೆರೆಗಳು: ಕುದ್ರೋಳಿಯಿಂದ ಮುಲ್ಕಿಯವರೆಗೆ

"ನಮ್ಮ ದೇವಸ್ಥಾನಕ್ಕೆ ಯಾರು ಬೇಕಾದರೂ ಬರಬಹುದು, ನಾವು ಜಾತಿ ಕೇಳುವುದಿಲ್ಲ" ಎಂಬ ಮಾತು ಈಗ ಕರಾವಳಿಯ ಯಾವ ಮೊಕ್ತೇಸರರ ಬಾಯಲ್ಲೂ ಸಲೀಸಾಗಿ ಬರುತ್ತದೆ. ಮಾತು ಸುಳ್ಳೇನಲ್ಲ. ಹೆಬ್ಬಾಗಿಲಲ್ಲಿ ನಿಂತು ಜಾತಿ ಕೇಳುವ ಕಾಲ ಇಲ್ಲಿ ಬಹುಮಟ್ಟಿಗೆ ಹೋಗಿದೆ. ಆದರೆ ದೇವಸ್ಥಾನಕ್ಕೆ ಇರುವುದು ಹೆಬ್ಬಾಗಿಲೊಂದೇ ಅಲ್ಲವಲ್ಲ. ಹೊರಾಂಗಣ, ಒಳಾಂಗಣ, ತೀರ್ಥಮಂಟಪ, ಗರ್ಭಗುಡಿಯ ಮೆಟ್ಟಿಲು, ಬಾವಿಕಟ್ಟೆ, ನೈವೇದ್ಯದ ಕೋಣೆ, ಊಟದ ಪಂಕ್ತಿ, ತಂತ್ರಿಗಳ (ಪ್ರತಿಷ್ಠೆ, ಕಲಶ ನಡೆಸುವ ಹಿರಿಯ ಪುರೋಹಿತರ) ಮಣೆ, ಆಡಳಿತ ಮಂಡಳಿಯ ಕುರ್ಚಿ: ಒಂದೊಂದಕ್ಕೂ ಒಂದೊಂದು ಗೆರೆ. ಹೊರಗಿನದನ್ನು ಅಳಿಸಿದರೆ ಒಳಗಿನದು ಗಟ್ಟಿಯಾಗುವುದೇ ಹೆಚ್ಚು. ಹಾಗಾಗಿ ಒಂದು ದೇವಸ್ಥಾನ "ಎಲ್ಲರಿಗೂ ತೆರೆದದ್ದೋ" ಎಂದು ಕೇಳುವ ಬದಲು, ಅಲ್ಲಿ ಯಾರಿಗೆ ಎಲ್ಲಿಯವರೆಗೆ ತೆರೆದಿದೆ ಎಂದು ನೋಡಬೇಕು.

ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ಕ್ಷೇತ್ರ ಹುಟ್ಟಿದ್ದೇ ಈ ಪ್ರಶ್ನೆಯಿಂದ. ತುಳುನಾಡಿನ ಬಿಲ್ಲವರು ದೈವಸ್ಥಾನಗಳಲ್ಲಿ ಪೂಜಾರಿಗಳು, ಕೋಟಿ ಚೆನ್ನಯರ ಗರೋಡಿಗಳಲ್ಲಿ ಅವರದೇ ಹಿರಿತನ. ಆದರೆ ದೇವಸ್ಥಾನದ ಅಂಗಣಕ್ಕೆ ಮಾತ್ರ ಅವರು ಕಾಲಿಡುವಂತಿರಲಿಲ್ಲ. ಮೂರ್ತೆ ಕಸುಬಿನವರು, ಕಳ್ಳು ಇಳಿಸುವವರು ಎಂಬುದು ಕೊಡುತ್ತಿದ್ದ ಕಾರಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಸಮುದಾಯದಲ್ಲಿ ವ್ಯಾಪಾರದಿಂದ ಕೈಯಲ್ಲಿ ನಾಲ್ಕು ಕಾಸು ಕಂಡವರು ಮೂಡಿದ್ದರು. ಅವರಲ್ಲಿ ಮುಂದಾಳು ಹೊಯ್ಗೆಬಜಾರಿನ ಕೊರಗಪ್ಪ. ಅವರು ಕೇರಳದ ನಾರಾಯಣ ಗುರುಗಳ ಮೊರೆ ಹೊಕ್ಕರು. 1912ರಲ್ಲಿ ಗುರುಗಳ ಕೈಯಿಂದಲೇ ಕುದ್ರೋಳಿಯಲ್ಲಿ ಶಿವಲಿಂಗ ಪ್ರತಿಷ್ಠೆಯಾಯಿತು.

ಇಲ್ಲಿ ಗಮನಿಸಬೇಕಾದದ್ದು ಗುರುಗಳು ಹಿಡಿದ ದಾರಿ. ಮುಚ್ಚಿದ ಬಾಗಿಲನ್ನು ಬಡಿಯುವುದು ಒಂದು ಕ್ರಮ. ಬಾಗಿಲು ಬೇಡವೆಂದು ದೇವರನ್ನೇ ಬಿಡುವುದು ಇನ್ನೊಂದು. ಗುರುಗಳು ಎರಡನ್ನೂ ಬದಿಗಿಟ್ಟು, ಪ್ರತಿಷ್ಠೆಯ ಅಧಿಕಾರಕ್ಕೇ ಕೈ ಹಾಕಿದರು. 1888ರ ಶಿವರಾತ್ರಿಯಂದು ಅರುವಿಪ್ಪುರಂನಲ್ಲಿ ನೆಯ್ಯಾರ್ ಹೊಳೆಯ ಕಲ್ಲೊಂದನ್ನು ಎತ್ತಿ ತಂದು ಅದನ್ನೇ ಶಿವನೆಂದು ನಿಲ್ಲಿಸಿದರು. ಪ್ರಶ್ನಿಸಿದವರಿಗೆ, ತಾನು ಸ್ಥಾಪಿಸಿದ್ದು ಈಳವರ (ಬಿಲ್ಲವರಂತೆಯೇ ಕಳ್ಳಿನ ಕಸುಬಿನ, ಗುರುಗಳು ಹುಟ್ಟಿದ ಸಮುದಾಯದ) ಶಿವನನ್ನು ಎಂದರು ಎಂಬ ಮಾತು ಪ್ರಸಿದ್ಧ. ಅದು ಬರಿಯ ಚುರುಕು ಉತ್ತರವಲ್ಲ. ದೇವಸ್ಥಾನದ ಇಡೀ ಶ್ರೇಣಿ ನಿಂತಿರುವುದು ಪ್ರಾಣಪ್ರತಿಷ್ಠೆ ಮಾಡುವ ಹಕ್ಕು ಯಾರದು ಎಂಬುದರ ಮೇಲೆ. ಆ ಹಕ್ಕು ಈಳವನೊಬ್ಬನ ಕೈಗೆ ಬಂದರೆ ಉಳಿದ ಗೆರೆಗಳೆಲ್ಲ ಸಡಿಲವಾಗುತ್ತವೆ. 1908ರಲ್ಲಿ ತಲಶೇರಿಯ ಜಗನ್ನಾಥ ದೇವಸ್ಥಾನದ ಪ್ರತಿಷ್ಠೆಯೂ ಅವರದೇ. ಕುದ್ರೋಳಿ ಅದೇ ಸಾಲಿನದು. ಇಲ್ಲಿ ಪೂಜೆ ಮಾಡುವವರನ್ನು ಇವತ್ತಿಗೂ "ಶಾಂತಿ" ಎನ್ನುವುದು ಕೇರಳದ ಆ ನಂಟಿನಿಂದ ಬಂದದ್ದು. ಉಳಿದ ತುಳುನಾಡಿನ ದೇವಸ್ಥಾನಗಳಲ್ಲಿ ಅವರು ಭಟ್ರು.

ನಂಟು ಒಂದೇ ದಿಕ್ಕಿನದಲ್ಲ. ಗುರುಗಳ ಜೊತೆ ಎಸ್‌ಎನ್‌ಡಿಪಿ (ಶ್ರೀ ನಾರಾಯಣ ಧರ್ಮ ಪರಿಪಾಲನ) ಯೋಗ ಎಂಬ ಸಂಘವನ್ನು 1903ರಲ್ಲಿ ಕಟ್ಟಿದ ಡಾ. ಪಲ್ಪು ಅವರಿಗೆ ತಿರುವಾಂಕೂರಿನಲ್ಲಿ ಜಾತಿಯ ಕಾರಣಕ್ಕೆ ಸರಕಾರಿ ವೈದ್ಯರ ಕೆಲಸ ಸಿಗದೆ, ಅವರು ಸೇವೆ ಸಲ್ಲಿಸಿದ್ದು ಮೈಸೂರು ಸಂಸ್ಥಾನದಲ್ಲಿ. ಬೆಂಗಳೂರಿನ ಪ್ಲೇಗಿನಲ್ಲಿ ದುಡಿದವರು ಅವರು. ಗುರುಗಳ ಶಿಷ್ಯ, ಕವಿ ಕುಮಾರನ್ ಆಶಾನ್ ಸಂಸ್ಕೃತ ಓದಿದ್ದು ಕೂಡ ಬೆಂಗಳೂರಿನಲ್ಲೇ.

ಗುರುಗಳು ದೇವಸ್ಥಾನಗಳಿಗೆ ಹಾಕಿಕೊಟ್ಟ ಕಟ್ಟಳೆಗಳು ಸರಳ. ಪ್ರಾಣಿಬಲಿ ಬೇಡ, ಕಳ್ಳಿನ ನೈವೇದ್ಯ ಬೇಡ. ಆನೆ ಬೇಡ, ಸಿಡಿಮದ್ದು ಬೇಡ. ಕಟ್ಟಡ ಚೊಕ್ಕಟವಾಗಿರಲಿ, ಪಕ್ಕದಲ್ಲಿ ಶಾಲೆ, ಓದುವ ಕೋಣೆ ಇರಲಿ. ಕಳ್ಳಿನ ಮಾತು ಬಿಲ್ಲವರಿಗೂ ಈಳವರಿಗೂ ನುಂಗಲು ಕಷ್ಟವಾದದ್ದು; ಎಷ್ಟೋ ಮನೆಗಳ ಅನ್ನವೇ ಅದರಲ್ಲಿತ್ತು. ಸುಧಾರಣೆಯ ಬಿಸಿ ಮೇಲ್ಜಾತಿಯವರಿಗೆ ಮಾತ್ರ ತಾಗಲಿಲ್ಲ, ಸ್ವಂತ ಮನೆಗೂ ತಾಗಿತು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಗುರುಗಳ ಪ್ರತಿಷ್ಠೆಗಳೂ ವರ್ಷ ಕಳೆದಂತೆ ಬದಲಾದವು: ಕಾರಮುಕ್ಕಿನಲ್ಲಿ ದೀಪ, ಕೊನೆಗೆ 1927ರಲ್ಲಿ ಕಳವಂಕೋಡಿನಲ್ಲಿ ಕನ್ನಡಿ.

ಕುದ್ರೋಳಿ ಈಗ ಆ ಸರಳತೆಯಲ್ಲಿ ಉಳಿದಿಲ್ಲ ಎಂಬುದನ್ನೂ ಹೇಳಿಬಿಡಬೇಕು. 1991ರಲ್ಲಿ ಜನಾರ್ದನ ಪೂಜಾರಿಯವರ ಮುಂದಾಳ್ತನದಲ್ಲಿ ನವೀಕರಣವಾಗಿ ಚೋಳ ಶೈಲಿಯ ಎತ್ತರದ ಗೋಪುರ ಎದ್ದಿತು. ಮಂಗಳೂರು ದಸರಾ ಎಂದು ಊರೇ ಕರೆಯುವ ಉತ್ಸವಕ್ಕೆ ನವದುರ್ಗೆಯರು, ಶಾರದೆ, ಗಣಪತಿಯ ಮೂರ್ತಿಗಳು, ನಗರದ ತುಂಬ ದೀಪಾಲಂಕಾರ, ಹುಲಿವೇಷ, ರಾತ್ರಿಯಿಡೀ ಮೆರವಣಿಗೆ, ದೇವಸ್ಥಾನದ ಕೆರೆಯಲ್ಲಿ ವಿಸರ್ಜನೆ. ಇದು ಗುರುಗಳ ಮಾತಿಗೆ ದೂರ ಎನ್ನುವವರಿದ್ದಾರೆ. ನನಗೂ ಹಾಗೆ ಅನಿಸುತ್ತದೆ. ಆದರೆ ಒಂದು ಕಾಲಕ್ಕೆ ಅಂಗಣದ ಹೊರಗೆ ನಿಲ್ಲಿಸಿದ್ದವರ ದೇವರು ಊರಿನ ರಾಜಬೀದಿಗಳನ್ನೆಲ್ಲ ಸುತ್ತಿ ಬರುವುದಕ್ಕೂ ಅದರದೇ ಒಂದು ಅರ್ಥವಿದೆ.

ಇನ್ನು ಕಾನೂನಿನ ಕಡೆ ಬರೋಣ, ಏಕೆಂದರೆ ಗೆರೆಗಳ ಲೆಕ್ಕ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೇರಳದ ವೈಕಂ ಸತ್ಯಾಗ್ರಹ (30 ಮಾರ್ಚ್ 1924 – 23 ನವೆಂಬರ್ 1925) ನಡೆದದ್ದು ದೇವಸ್ಥಾನದ ಪ್ರವೇಶಕ್ಕಲ್ಲ, ಅದರ ಸುತ್ತಲಿನ ರಸ್ತೆಯಲ್ಲಿ ನಡೆಯುವುದಕ್ಕೆ. ಅಷ್ಟು ದಿನ ಹೋರಾಡಿದ ಮೇಲೂ ಉತ್ತರ, ದಕ್ಷಿಣ, ಪಶ್ಚಿಮದ ದಾರಿಗಳು ತೆರೆದವು, ಪೂರ್ವದ್ದು ಸವರ್ಣರಿಗೇ ಉಳಿಯಿತು. ಗೆರೆ ಅಳಿಯದೆ ಸರಿಯುವುದು ಎಂದರೆ ಇದೇ. ತಿರುವಾಂಕೂರಿನ ಸರಕಾರಿ ದೇವಸ್ಥಾನಗಳು ತೆರೆದದ್ದು 1936ರ ನವೆಂಬರ್ 12ರ ಘೋಷಣೆಯಿಂದ.

ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು. ಹಾಗಾಗಿ ಇಲ್ಲಿನ ಬಾಗಿಲುಗಳಿಗೆ ತಾಗಿದ್ದು 1947ರ ಮದರಾಸು ದೇವಾಲಯ ಪ್ರವೇಶ ಕಾಯಿದೆ. ಅದರ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಮಂಗಳೂರಿಗೆ ಹತ್ತಿರದ ಮುಲ್ಕಿಯ ವೆಂಕಟರಮಣ ದೇವಸ್ಥಾನ. ಅದು ಗೌಡ ಸಾರಸ್ವತ ಬ್ರಾಹ್ಮಣ ಸಮಾಜದ್ದು. ತಮ್ಮದು ಒಂದು ಪಂಗಡದ ದೇವಸ್ಥಾನ, ಸಂವಿಧಾನದ 26ನೇ ವಿಧಿಯಂತೆ ಯಾರನ್ನು ಒಳಬಿಡಬೇಕೆಂಬುದು ತಮ್ಮ ಧಾರ್ಮಿಕ ವಿಷಯ ಎಂಬುದು ಮೊಕ್ತೇಸರರ ವಾದ. ರಾಜ್ಯ ವಿಂಗಡಣೆಯಾಗಿ ಎದುರುಪಕ್ಷ ಮೈಸೂರು ರಾಜ್ಯವಾಯಿತು. 1957ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ವೆಂಕಟರಮಣ ದೇವರು ವಿರುದ್ಧ ಮೈಸೂರು ರಾಜ್ಯ ಎಂಬ ಈ ತೀರ್ಪನ್ನು ಬಹಳ ಮಂದಿ ಅರ್ಧವೇ ಹೇಳುತ್ತಾರೆ. ಮೊದಲರ್ಧ: ದೇವಸ್ಥಾನ ಆ ಪಂಗಡದ್ದು ಎಂದು ಒಪ್ಪಿದರೂ, 25(2)(ಬಿ) ವಿಧಿಯ ಪ್ರಕಾರ ಹಿಂದೂಗಳ ಎಲ್ಲ ವರ್ಗಕ್ಕೂ ಸಾರ್ವಜನಿಕ ದೇವಸ್ಥಾನ ತೆರೆಯಲು ಕಾನೂನು ಮಾಡಬಹುದು, ಅದು 26ನೇ ವಿಧಿಗಿಂತ ಮೇಲೆ. ಉಳಿದರ್ಧ: ಸಾರ್ವಜನಿಕರ ಪೂಜೆಯ ಹಕ್ಕಿಗೆ ಅರ್ಥವೇ ಇಲ್ಲದಂತೆ ಆಗದಿದ್ದರೆ, ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಆ ಪಂಗಡದವರು ಮಾತ್ರ ಇರಬಹುದು. ಅಂದರೆ ದಿನದ ಬಹುಪಾಲು ಬಾಗಿಲು ಎಲ್ಲರಿಗೂ, ಕೆಲವು ಗಳಿಗೆ ಕೆಲವರಿಗೆ. ಗೆರೆ ಈಗ ಜಾಗದಿಂದ ಗಡಿಯಾರಕ್ಕೆ ಬಂತು. ಈ ಉಳಿದರ್ಧವನ್ನು ಹಿಡಿದುಕೊಂಡು, ಪಂಗಡದ ದೇವಸ್ಥಾನವೇ ಅಲ್ಲದ ಊರ ದೇವಸ್ಥಾನಗಳೂ "ಇದು ವಿಶೇಷ ಪೂಜೆಯ ಸಮಯ" ಎನ್ನುವುದುಂಟು. ಆ ವಿನಾಯಿತಿ ಅವರಿಗಿಲ್ಲ.

1947ರ ಕಾಯಿದೆಯ ಇನ್ನೊಂದು ಮಾತೂ ಮುಖ್ಯ. ಪ್ರವೇಶ ಕೊಟ್ಟದ್ದು ಹಿಂದೂಗಳಲ್ಲಿ ಸಾಮಾನ್ಯರು ಯಾವ ರೀತಿಯಲ್ಲಿ, ಎಷ್ಟರ ಮಟ್ಟಿಗೆ ಪೂಜಿಸುತ್ತಾರೋ ಅದೇ ರೀತಿಯಲ್ಲಿ, ಅಷ್ಟರ ಮಟ್ಟಿಗೆ. ಗರ್ಭಗುಡಿಗೆ ಅರ್ಚಕರ ಹೊರತು ಯಾರೂ ಹೋಗದಿದ್ದರೆ ದಲಿತರೂ ಹೋಗುವಂತಿಲ್ಲ, ಅದು ಭೇದವಲ್ಲ. ಒಪ್ಪೋಣ. ಹಾಗಿದ್ದರೆ ನೋಡಬೇಕಾದದ್ದು ಹಗ್ಗ. ತೀರ್ಥಮಂಟಪದ ಎದುರು ಅಡ್ಡ ಕಟ್ಟಿದ ಹಗ್ಗ ಅಥವಾ ಸ್ಟೀಲಿನ ಕಂಬಿಯ ಆಚೆ, ಆ ದಿನದ ಸರದಿಯ ಅರ್ಚಕರು, ಅವರ ಸಹಾಯಕರು ಬಿಟ್ಟು ಬೇರೆ ಯಾರು ನಿಂತಿದ್ದಾರೆ? ಸೇವೆ ಮಾಡಿಸಿದ ಎಲ್ಲರೂ ಅಲ್ಲಿ ಕೂರಬಹುದಾದರೆ ಸರಿ. ರಸೀದಿಯಲ್ಲಿ ಅದೇ ಸೇವೆ, ಅದೇ ಹಣ. ಒಬ್ಬನಿಗೆ ಮಂಟಪದ ಒಳಗೆ ಮಣೆ, ಇನ್ನೊಬ್ಬನಿಗೆ ಹೊರಗಿನಿಂದಲೇ ಸಂಕಲ್ಪ ಎಂದಾದರೆ ಹಗ್ಗದ ಆಚೆ ಇರುವುದು ಆಗಮವಲ್ಲ, ಜಾತಿ. ನೋಡಲು ಒಳ್ಳೆಯ ದಿನ ಷಷ್ಠಿ, ಶಿವರಾತ್ರಿ. ಸಾಮಾನ್ಯ ಸೋಮವಾರ ಎಲ್ಲರೂ ಸಮಾನರೇ.

ಅಂಗಿ ಬಿಚ್ಚುವ ನಿಯಮವನ್ನೂ ಇದೇ ಲೆಕ್ಕದಲ್ಲಿ ನೋಡಬೇಕು. ಜನಿವಾರ ಇದೆಯೋ ಇಲ್ಲವೋ ಎಂದು ನೋಡುವುದಕ್ಕೆ ಹುಟ್ಟಿದ ಪದ್ಧತಿ ಇದು, ನಿಲ್ಲಬೇಕು ಎಂದು 2024ರ ಕೊನೆಯ ದಿನ ನಾರಾಯಣ ಗುರುಗಳ ಶಿವಗಿರಿ ಮಠದ ತೀರ್ಥಯಾತ್ರೆಯ ಸಭೆಯಲ್ಲಿ ಮಠದ ಅಧ್ಯಕ್ಷ ಸಚ್ಚಿದಾನಂದ ಸ್ವಾಮಿಗಳು ಹೇಳಿದಾಗ ಕೇರಳದಲ್ಲಿ ದೊಡ್ಡ ಚರ್ಚೆಯಾಯಿತು. ನಮ್ಮ ಕರಾವಳಿಯ ದೇವಸ್ಥಾನಗಳಲ್ಲಿ ಆ ಫಲಕ ಇನ್ನೂ ನೇತಾಡುತ್ತಿದೆ. ಕಾರಣ ಏನೇ ಇದ್ದಿರಲಿ, ಅಂಗಿ ಬಿಚ್ಚಿದ ಕೂಡಲೇ ಯಾರು ಯಾರೆಂದು ಕಾಣುತ್ತದೆ ಎಂಬುದಂತೂ ದಿಟ.

ನೀರು ಮತ್ತು ಅನ್ನದ ಗೆರೆಗಳು ಇನ್ನೂ ಆಳದವು. ತೀರ್ಥಬಾವಿಯ ನೀರು ಅಭಿಷೇಕಕ್ಕೆ, ನೈವೇದ್ಯಕ್ಕೆ. ಅದನ್ನು ಸೇದುವವರು ಅರ್ಚಕರ ಕಡೆಯವರೇ. ಪಂಪು ಬಂದು ಈ ಗೆರೆ ಅರ್ಧ ಅಳಿಯಿತು. ಸ್ವಿಚ್ಚು ಒತ್ತುವ ಬೆರಳಿನ ಜಾತಿಯನ್ನು ನೀರು ಹೊತ್ತು ತರುವುದಿಲ್ಲ ಎಂದು ಎಲ್ಲರೂ ಸದ್ದಿಲ್ಲದೆ ಒಪ್ಪಿಕೊಂಡರು. ಊಟ ಹಾಗಲ್ಲ. ಅನ್ನಸಂತರ್ಪಣೆಯಲ್ಲಿ ನಾಲ್ಕು ವಿಷಯ ನೋಡಿದರೆ ಪಂಕ್ತಿಭೇದ ಇದೆಯೋ ಇಲ್ಲವೋ ತಿಳಿಯುತ್ತದೆ: ಊಟದ ಚಪ್ಪರ ಒಂದೋ ಎರಡೋ, ಮೊದಲ ಪಂಕ್ತಿಗೆ ಯಾರು ಕೂರುತ್ತಾರೆ, ಬಡಿಸುವವರು ಯಾರು, ಎಲೆ ತೆಗೆಯುವವರು ಯಾರು. ಒಂದು ಬದಿಗೆ ಬಾಳೆಲೆ, ಇನ್ನೊಂದು ಬದಿಗೆ ಬಫೆ ತಟ್ಟೆ ಎಂಬ ಹೊಸ ಏರ್ಪಾಡಿನಲ್ಲಿ ಯಾರೂ ಜಾತಿ ಹೇಳುವುದಿಲ್ಲ, ಆದರೂ ಜನ ತಮ್ಮ ಬದಿಗೆ ತಾವೇ ಹೋಗುತ್ತಾರೆ. ಇದನ್ನು ಸರಿಪಡಿಸಲು ಭಾಷಣ ಬೇಕಿಲ್ಲ. ಚಪ್ಪರ ಒಂದೇ ಹಾಕಿ, ಬಂದ ಸಾಲಿನಲ್ಲೇ ಕೂರಿಸಿ, ಬಡಿಸುವ ಸ್ವಯಂಸೇವಕರ ಪಟ್ಟಿಯನ್ನು ಎಲ್ಲ ಕೇರಿಗಳಿಂದ ಮಾಡಿದರೆ ಎರಡು ವರ್ಷದಲ್ಲಿ ರೂಢಿಯಾಗುತ್ತದೆ. ಕಷ್ಟ ಬರುವುದು ಅಡುಗೆಯಲ್ಲಿ. ಅಡುಗೆಭಟ್ಟರು ತಮ್ಮ ತಂಡದವರನ್ನೇ ಕರೆತರುವುದರಿಂದ, ಗುತ್ತಿಗೆ ಕೊಡುವಾಗಲೇ ಷರತ್ತು ಹಾಕದಿದ್ದರೆ ಆಮೇಲೆ ಏನೂ ಆಗದು.

1917ರಲ್ಲಿ ಕೇರಳದ ಚೆರಾಯಿಯಲ್ಲಿ ಗುರುಗಳ ಶಿಷ್ಯ ಸಹೋದರನ್ ಅಯ್ಯಪ್ಪನ್ ಸಹಭೋಜನ ನಡೆಸಿದರು. ಈಳವರು ದಲಿತರಾದ ಪುಲಯರ ಜೊತೆ ಕೂತು ಉಂಡರು. ಸಿಟ್ಟಾದವರು ಬ್ರಾಹ್ಮಣರಲ್ಲ, ಈಳವರೇ. ಅಯ್ಯಪ್ಪನ್‌ಗೆ "ಪುಲಯನ್ ಅಯ್ಯಪ್ಪನ್" ಎಂದು ಹೆಸರಿಟ್ಟರು, ಬಹಿಷ್ಕಾರ ಹಾಕಿದರು. ಗುರುಗಳು ಅಯ್ಯಪ್ಪನ್ ಪರ ನಿಂತರು. ತನ್ನ ಮೇಲಿನ ಗೆರೆ ಅಳಿಸಲು ದೇವಸ್ಥಾನ ಕಟ್ಟಿದ ಯಾವ ಸಮುದಾಯಕ್ಕೂ ಈ ಪರೀಕ್ಷೆ ತಪ್ಪಿದ್ದಲ್ಲ. ಮೇಲಿನವರಿಗೆ ಉತ್ತರವಾಗಿ ಎದ್ದ ದೇವಸ್ಥಾನ ಒಂದು ತಲೆಮಾರು ಕಳೆಯುವಷ್ಟರಲ್ಲಿ "ನಮ್ಮ ಜಾತಿಯ ದೇವಸ್ಥಾನ" ಆಗುತ್ತದೆ: ಬೈಲಾದಲ್ಲಿ ಸದಸ್ಯತ್ವ ಒಂದೇ ಸಮಾಜಕ್ಕೆ, ಪದಾಧಿಕಾರಿಗಳು ಅದೇ ಸಮಾಜದವರು, ಹೊರಗಿನವರು ಭಕ್ತರಾಗಿ ಬರಬಹುದು, ಸಭೆಗೆ ಬರುವಂತಿಲ್ಲ. ಕಟ್ಟಿದವರ ಹಿರಿತನವನ್ನು ಗೌರವಿಸುವುದು ಬೇರೆ. ಆದರೆ ಬೈಲಾ ಬರೆಯುವಾಗ ಸಾಮಾನ್ಯ ಸದಸ್ಯತ್ವವನ್ನು ಊರಿನ ಎಲ್ಲರಿಗೂ ತೆರೆದಿಡದಿದ್ದರೆ ಮುಂದೆ ತಿದ್ದುಪಡಿಗೆ ಬಹುಮತ ಸಿಗುವುದಿಲ್ಲ. ಮುಜರಾಯಿ ದೇವಸ್ಥಾನಗಳಲ್ಲಿ ಇದಕ್ಕೆ ಕಾನೂನಿನ ಬೆಂಬಲವಿದೆ: 1997ರ ಕರ್ನಾಟಕ ಕಾಯಿದೆಯ ಪ್ರಕಾರ ಒಂಬತ್ತು ಮಂದಿಯ ವ್ಯವಸ್ಥಾಪನಾ ಸಮಿತಿಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ, ಇಬ್ಬರು ಮಹಿಳೆಯರೂ ಇರಲೇಬೇಕು. ಖಾಸಗಿ ಟ್ರಸ್ಟುಗಳಿಗೆ ಅದೂ ಇಲ್ಲ.

ಅರ್ಚಕರ ಪ್ರಶ್ನೆಯಲ್ಲಿ ಕಾನೂನು ಮುಂದೆ ಹೋಗಿದೆ, ರೂಢಿ ಹಿಂದೆ ಉಳಿದಿದೆ. 2002ರಲ್ಲಿ ಆದಿತ್ಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಪೂಜಾವಿಧಿಯಲ್ಲಿ ತರಬೇತಾಗಿ ಅರ್ಹನಾದವನನ್ನು ಬ್ರಾಹ್ಮಣನಲ್ಲ ಎಂಬ ಒಂದೇ ಕಾರಣಕ್ಕೆ ಶಾಂತಿಯಾಗಿ ನೇಮಿಸಬಾರದು ಎನ್ನಲಾಗದು. 2017ರಲ್ಲಿ ತಿರುವಾಂಕೂರು ದೇವಸ್ವಂ (ದೇವಸ್ಥಾನಗಳ ಆಡಳಿತ) ಮಂಡಳಿಯ ಅರ್ಚಕರ ಆಯ್ಕೆಯಲ್ಲಿ 36 ಬ್ರಾಹ್ಮಣೇತರರು ಬಂದರು, ಅವರಲ್ಲಿ ಆರು ಮಂದಿ ದಲಿತರು. 2021ರ ಆಗಸ್ಟಿನಲ್ಲಿ ತಮಿಳುನಾಡು ಸರಕಾರವೂ ತರಬೇತಾದ ಬ್ರಾಹ್ಮಣೇತರರಿಗೆ ನೇಮಕಪತ್ರ ಕೊಟ್ಟಿತು. ಕುದ್ರೋಳಿ ಇನ್ನೊಂದು ಗೆರೆಗೆ ಕೈ ಹಾಕಿತು: 2013ರ ಅಕ್ಟೋಬರಿನಲ್ಲಿ, ನವರಾತ್ರಿಯ ಹೊತ್ತಿಗೆ, ತರಬೇತಿ ಕೊಟ್ಟು ಇಬ್ಬರು ವಿಧವೆಯರನ್ನು ಅರ್ಚಕರಾಗಿ ನೇಮಿಸಿತು. ಮದುವೆಮನೆಯಲ್ಲಿ ಎದುರು ಬರಬಾರದೆಂದು ಹಿಂದೆ ಸರಿಯುವ ಹೆಣ್ಣುಮಗಳು ದೇವರಿಗೆ ಆರತಿ ಎತ್ತಿ ಕುಂಕುಮ ಪ್ರಸಾದ ಕೊಡುವುದು ಸಣ್ಣ ಮಾತಲ್ಲ. ಜಾತಿಯ ಗೆರೆಗಿಂತ ಈ ಗೆರೆ ಮನೆಯೊಳಗಿನದು, ಎಲ್ಲ ಜಾತಿಯಲ್ಲೂ ಇರುವುದು.

ಆದರೆ ನಿತ್ಯಪೂಜೆಗಿಂತ ಗಟ್ಟಿಯಾದ ಕೊಂಡಿ ತಂತ್ರಿಗಳದು. ಶಾಂತಿ ಬದಲಾಗಬಹುದು, ಬ್ರಹ್ಮಕಲಶ ಎಂಬ ದೊಡ್ಡ ಕಲಶಾಭಿಷೇಕಕ್ಕೆ, ಅಷ್ಟಬಂಧಕ್ಕೆ, ಧ್ವಜಾರೋಹಣಕ್ಕೆ ತಂತ್ರಿಗಳೇ ಬೇಕು. ಅಷ್ಟಬಂಧ ಎಂದರೆ ಬಿಂಬವನ್ನು ಪೀಠಕ್ಕೆ ಬಿಗಿಯುವ ಅಂಟು. ಶಂಖದ ಪುಡಿ, ಅಳಲೆಕಾಯಿ, ನೆಲ್ಲಿಕಾಯಿ, ಅರಗು, ರಾಳ, ಹೊಳೆಮರಳು, ಹತ್ತಿ ಮುಂತಾದ ಎಂಟು ದ್ರವ್ಯಗಳನ್ನು ಮರದ ಕೊಡತಿಯಲ್ಲಿ ದಿನಗಟ್ಟಲೆ ಕುಟ್ಟಿ ಹದ ಬರಿಸುತ್ತಾರೆ. ಕುಟ್ಟುವುದು ಕಡಿಮೆಯಾದರೆ ಅಂಟು ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ಅಭಿಷೇಕದ ನೀರು ಇಳಿದು ಬಿಂಬ ಅಲುಗುತ್ತದೆ. ಅದಕ್ಕೇ ಹನ್ನೆರಡು ವರ್ಷಕ್ಕೊಮ್ಮೆ ಪುನರಷ್ಟಬಂಧ, ಬ್ರಹ್ಮಕಲಶ ಎಂಬ ವಾಡಿಕೆ. ಈ ವಿದ್ಯೆ ಕೆಲವೇ ತಂತ್ರಿ ಮನೆತನಗಳಲ್ಲಿ ಕೈಯಿಂದ ಕೈಗೆ ಬಂದದ್ದು. ಬೇರೆಯವರಿಗೆ ಪುಸ್ತಕ ಓದಿ ಮಂತ್ರ ಬರಬಹುದು. ಕಲಶಗಳ ಮಂಡಲ ಬರೆಯುವುದು, ಮುದ್ರೆ, ನ್ಯಾಸ, ಅಂಟಿನ ಹದ ನೋಡುವುದು ಜೊತೆಗಿದ್ದು ಕಲಿಯಬೇಕಾದವು. ತರಬೇತಿ ಶಾಲೆಗಳು ಅರ್ಚಕರನ್ನು ತಯಾರಿಸುತ್ತವೆ, ತಂತ್ರಿಗಳನ್ನಲ್ಲ. ಎಲ್ಲ ಜಾತಿಯ ಶಾಂತಿ ಇರುವ ದೇವಸ್ಥಾನವೂ ಹನ್ನೆರಡನೇ ವರ್ಷಕ್ಕೆ ಮತ್ತೆ ಅದೇ ಮನೆಗಳ ಬಾಗಿಲಿಗೆ ಹೋಗುವುದು ಇದರಿಂದ. ಸುಧಾರಣೆಯ ಮುಂದಿನ ಕೆಲಸ ಇಲ್ಲಿದೆ ಎಂದು ನನ್ನ ಎಣಿಕೆ, ಮತ್ತು ಇದು ಮೆರವಣಿಗೆಯಿಂದ ಆಗುವ ಕೆಲಸವಲ್ಲ.

ಘಟ್ಟದ ಮೇಲಿನ ಹಳ್ಳಿಗಳ ಕತೆ ಬೇರೆ. ಅಲ್ಲಿ ಇನ್ನೂ ಹೆಬ್ಬಾಗಿಲೇ ಜಗಳ. ದೂರು ಹೋಗುತ್ತದೆ, ತಹಶೀಲ್ದಾರರು ಶಾಂತಿ ಸಭೆ ಮಾಡುತ್ತಾರೆ, ಪೊಲೀಸರ ಕಾವಲಿನಲ್ಲಿ ದಲಿತರು ಒಳಗೆ ಹೋಗುತ್ತಾರೆ, ಫೋಟೋ ಪತ್ರಿಕೆಗೆ ಬರುತ್ತದೆ. ಕೆಡುವುದು ಆಮೇಲೆ: ಜೀರ್ಣೋದ್ಧಾರ ಎಂದು ಬೀಗ, ಇಲ್ಲವೇ ಮೇಲಿನವರು ಪಕ್ಕದಲ್ಲಿ ಹೊಸ ಗುಡಿ ಕಟ್ಟಿಕೊಂಡು ಹಳೆಯದಕ್ಕೆ ಎಣ್ಣೆಯನ್ನೂ ಬಿಡದಿರುವುದು, ಇಲ್ಲವೇ ಕೂಲಿಗೆ ಕರೆಯದಿರುವುದು. ಆದ್ದರಿಂದ ಶಾಂತಿ ಸಭೆಯ ನಡಾವಳಿಯಲ್ಲಿ ಪ್ರವೇಶದ ದಿನವನ್ನಷ್ಟೇ ಬರೆದರೆ ಸಾಲದು. ಬೀಗದ ಕೈ ಯಾರ ಬಳಿ, ದಿನಪೂಜೆಯ ಹೊತ್ತು ಯಾವುದು, ಹಬ್ಬದ ವಂತಿಗೆ ದಲಿತ ಕೇರಿಯಿಂದಲೂ ಎತ್ತುತ್ತಾರೋ ಇಲ್ಲವೋ, ಇಷ್ಟೂ ಬರೆಸಬೇಕು. ವಂತಿಗೆ ಬಿಟ್ಟರೆ ಎಲ್ಲ ಬಿಟ್ಟಂತೆ. ವಂತಿಗೆ ತೆಗೆದುಕೊಳ್ಳದವರನ್ನು ಮುಂದೆ "ನೀವು ಈ ಹಬ್ಬಕ್ಕೆ ಸೇರಿದವರೇ ಅಲ್ಲ" ಎನ್ನುವುದು ಸುಲಭ. ದೇವರ ಪಲ್ಲಕ್ಕಿ ಆ ಕೇರಿಗೆ ಹೋಗುತ್ತದೋ ಎಂಬುದೂ ಅದರ ಮೇಲೇ ನಿಂತಿದೆ.

ಕಾನೂನಿನ ದಾರಿ ಹಿಡಿಯುವುದಾದರೆ ಎರಡಿವೆ. ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ 3ನೇ ಕಲಂ ಪ್ರವೇಶ, ಪೂಜೆ, ಕೆರೆಬಾವಿಯ ಬಳಕೆ ತಡೆದವರಿಗೆ ಒಂದರಿಂದ ಆರು ತಿಂಗಳ ಸಜೆ ಹೇಳುತ್ತದೆ; ತಡೆ ಅಸ್ಪೃಶ್ಯತೆಯ ಕಾರಣಕ್ಕೇ ಎಂದು ನ್ಯಾಯಾಲಯ ಮೊದಲೇ ಊಹಿಸಿಕೊಳ್ಳುವುದಕ್ಕೆ 12ನೇ ಕಲಂ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆಯಲ್ಲಿ 2015ರ ತಿದ್ದುಪಡಿ ಸೇರಿಸಿದ 3(1)(ಝಡ್‌ಎ) ಕಲಂ ಇನ್ನೂ ಬಿಗಿ: ಆರು ತಿಂಗಳಿಂದ ಐದು ವರ್ಷ, ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಿಂದ ಆಗುವಂತಿಲ್ಲ. ದೂರಿನಲ್ಲಿ "ಅವಮಾನ ಮಾಡಿದರು" ಎಂದು ಬರೆದು ನಿಲ್ಲಿಸಿದರೆ ಪ್ರಕರಣ ಸಡಿಲವಾಗುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ತಡೆದರು, ಅದೇ ಹೊತ್ತಿನಲ್ಲಿ ಬೇರೆ ಯಾರು ಒಳಗಿದ್ದರು ಎಂಬುದು ಬರಬೇಕು. ಕೊನೆಯದು ಬಹಳ ಮುಖ್ಯ. ಒಳಗೆ ಯಾರೂ ಇರಲಿಲ್ಲ, ನಡೆ ಮುಚ್ಚಿತ್ತು ಎಂಬುದೇ ಎದುರುಪಕ್ಷದ ಮೊದಲ ಉತ್ತರ.

ಒಂದು ದೇವಸ್ಥಾನದ ಗೆರೆಗಳನ್ನೆಲ್ಲ ಕೂತಲ್ಲೇ ನೋಡಬೇಕೆಂದರೆ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ತಂತ್ರಿಗಳ ಹೆಸರು. ಆಮೇಲೆ ಗೌರವಾಧ್ಯಕ್ಷರು, ಅಧ್ಯಕ್ಷರು, ಆರ್ಥಿಕ ಸಮಿತಿ. ಒಳಗಿನ ಪುಟಗಳಲ್ಲಿ ವೈದಿಕ ಸಮಿತಿ, ಅನ್ನಸಂತರ್ಪಣೆ ಸಮಿತಿ, ಕೊನೆಗೆ ಸ್ವಚ್ಛತಾ ಸಮಿತಿ. ಯಾವ ಕೇರಿಯವರ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗಿ. ಹಿಂದಿನ ಬ್ರಹ್ಮಕಲಶದ ಪತ್ರಿಕೆ ಯಾರಾದರೂ ತೆಗೆದಿಟ್ಟಿದ್ದರೆ ಅದನ್ನೂ ಪಕ್ಕದಲ್ಲಿಡಿ. ಹನ್ನೆರಡು ವರ್ಷದಲ್ಲಿ ಸ್ವಚ್ಛತಾ ಸಮಿತಿಯಿಂದ ಆರ್ಥಿಕ ಸಮಿತಿಗೆ ಎಷ್ಟು ಹೆಸರು ಬಂದಿವೆ ಎಂದು ಎಣಿಸಲು ಹತ್ತು ನಿಮಿಷ ಸಾಕು.